ಎರಡನೆಯ ಸೂಜಿ

"ಬರ್ಕೊಳ್ಳಿ ಮೇಡಂ. ನಮ್ಮಪ್ಪನ್ನ ಕೊಂದಿದ್ದು ನಾನೇ."

ಸಿದ್ಧಉಡುಪು ಕಾರ್ಖಾನೆಯ ನೀಲಿ ಏಪ್ರನ್ ಇನ್ನೂ ಬಿಚ್ಚಿರದ ಆ ಹೆಂಗಸು ಎರಡೂ ಅಂಗೈಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟು ಕೂತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ. ಅಳುವುದನ್ನೆಲ್ಲ ಅತ್ತು ಮುಗಿಸಿ ಬಂದವರ ಮುಖ ಅದು. ಮನೆಯಲ್ಲಿ ಕೂತರೆ ಗೋಡೆಗಳೇ ಮಾತಾಡುತ್ತವೆಂದು ಬೆಳಿಗ್ಗೆ ಕೆಲಸಕ್ಕೆ ಹೋಗಿದ್ದಳಂತೆ. ಪಾಳಿ ಅರ್ಧವೂ ಆಗಿರಲಿಲ್ಲ, ಯಂತ್ರ ನಿಲ್ಲಿಸಿ ಎದ್ದು ನೇರ ಠಾಣೆಗೆ ಬಂದಿದ್ದಳು.

ಇನ್ಸ್‌ಪೆಕ್ಟರ್ ಬರೆಯುವ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ತಪ್ಪೊಪ್ಪಿಗೆ ತನ್ನ ಕಾಲ ಮೇಲೆ ತಾನೇ ನಡೆದು ಬಂದದ್ದನ್ನು ಆಕೆ ಎರಡೋ ಮೂರೋ ಸಲ ಕಂಡಿದ್ದಳು. ಹಾಗೆ ಬಂದದ್ದು ಪೂರ್ತಿ ನಿಜವಾಗಿದ್ದನ್ನು ಒಮ್ಮೆಯೂ ಕಂಡಿರಲಿಲ್ಲ.

ಠಾಣೆಯಲ್ಲಿ ಬೆನ್ನ ಹಿಂದೆ ಆಕೆಗೆ 'ಸೂಜಿಗಣ್ಣು' ಎಂದು ಹೆಸರು. ಹೆಸರಿಟ್ಟವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಸೂಜಿ ಕಂಡರೆ ಆಕೆಯ ಅರ್ಧ ಜೀವ ಹೋಗುತ್ತಿತ್ತು. ಸಕ್ಕರೆ ಮಾತ್ರೆಗೆ ಬಗ್ಗುತ್ತಿಲ್ಲ, ಇನ್ಸುಲಿನ್ ಶುರುಮಾಡಿ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ಕೈಚೀಲದ ತಳದಲ್ಲಿ ಮಡಿಕೆ ಬಿದ್ದು ಎರಡು ತಿಂಗಳಾಗಿತ್ತು.

ಬುಧವಾರ ಮಧ್ಯಾಹ್ನ ಹಾಸಿಗೆಯಲ್ಲಿ ತಣ್ಣಗಾಗಿ ಸಿಕ್ಕ ಮುದುಕ ಬರೀ ಎದೆ ನಿಂತು ಸತ್ತದ್ದಲ್ಲ, ಸಕ್ಕರೆ ಪಾತಾಳಕ್ಕಿಳಿದು ಸತ್ತಿರಬಹುದು ಎಂದು ಶವಾಗಾರದ ಡಾಕ್ಟರು ಅನುಮಾನ ಬರೆದು ಇವತ್ತಿಗೆ ಎರಡು ದಿನ. ಆ ಮುದುಕನ ಮಗಳೇ ಈಗ ಎದುರಿಗೆ ಕೂತಿದ್ದವಳು.

"ಮೊದಲಿಂದ ಹೇಳಿ," ಎಂದಳು ಇನ್ಸ್‌ಪೆಕ್ಟರ್.

ಮುದುಕ ನಲವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು. ಬೀದಿಯವರೆಲ್ಲ 'ಕಾಗುಣಿತ' ಎಂದೇ ಕರೆಯುತ್ತಿದ್ದರು. ಊರಿನ ಅಂಗಡಿ ಬೋರ್ಡುಗಳ ತಪ್ಪನ್ನೆಲ್ಲ ಹೆಕ್ಕಿದ ಆ ಕಣ್ಣುಗಳನ್ನೇ ಸಕ್ಕರೆ ತಿಂದುಹಾಕಿತ್ತು. ಹಾಗಾಗಿ ಇನ್ಸುಲಿನ್ ಪೆನ್ನಿನ ಗುಂಡಿಯನ್ನು ಮಗಳು ತಿರುಗಿಸುವಾಗ ಆತ 'ಟಿಕ್ ಟಿಕ್' ಸದ್ದನ್ನು ಕಿವಿಯಲ್ಲೇ ಎಣಿಸುತ್ತಿದ್ದ. ಒಂದು ಸದ್ದಿಗೆ ಒಂದು ಯೂನಿಟ್. "ಹತ್ತೊಂಬತ್ತು, ಇಪ್ಪತ್ತು, ಪೂರ್ಣವಿರಾಮ," ಎನ್ನುತ್ತಿದ್ದ. ಸೂಜಿ ಹೊಟ್ಟೆಗಿಳಿಯುವಾಗ, "ನಿಧಾನ ಕಣೇ, ನಂದು ಅಲ್ಪಪ್ರಾಣ," ಎಂದು ನಗುತ್ತಿದ್ದ. ದಿನಾ ಅದೇ ಮಾತು, ದಿನಾ ಅದೇ ನಗು.

ಬುಧವಾರ ಬೆಳಿಗ್ಗೆ ಆರಕ್ಕೆ ಮಗಳು ಸಕ್ಕರೆ ಪರೀಕ್ಷಿಸಿದ್ದಳು. ನೂರಾ ಎಪ್ಪತ್ತೆರಡು. ಪೆನ್ನಿನಲ್ಲಿ ಇಪ್ಪತ್ತು ತಿರುಗಿಸಿದಳು. ಒತ್ತಿದರೆ ಗುಂಡಿ ಇಳಿಯಲಿಲ್ಲ. ಸೂಜಿ ಬದಲಿಸಿ ನೋಡಿದಳು, ಆಗಲೂ ಇಲ್ಲ. ಆರು ಇಪ್ಪತ್ತೈದಕ್ಕೆ ಕಾರ್ಖಾನೆಯ ಬಸ್ಸು. ಫ್ರಿಜ್ಜಿನ ಬಾಗಿಲಲ್ಲಿ, ಅದೇ ಮನೆಯಲ್ಲಿದ್ದ ಚಿಕ್ಕಪ್ಪನ ಇನ್ಸುಲಿನ್ ಬಾಟಲಿ, ಅದರ ಪಕ್ಕ ಅವನ ಕೆಂಪು ಮುಚ್ಚಳದ ಸಿರಿಂಜುಗಳು ಇದ್ದವು. ಅಣ್ಣನಿಗೆ ಪೆನ್ನು, ತಮ್ಮನಿಗೆ ಬಾಟಲಿ. ಒಂದೇ ಫ್ರಿಜ್ಜಿನಲ್ಲಿ ಎರಡು ಸಂಸಾರ.

ಚಿಕ್ಕಪ್ಪನ ಔಷಧ ಅಪ್ಪನಿಗೆ ಕೊಡಬಾರದೆಂದು ಅವಳಿಗೆ ಗೊತ್ತಿತ್ತು. ಆದ್ದರಿಂದ ಔಷಧವನ್ನು ಅಪ್ಪನದ್ದೇ ತೆಗೆದುಕೊಂಡಳು. ಪೆನ್ನು ಬಿಚ್ಚಿ, ಒಳಗೆ ಕೂರುವ ಗಾಜಿನ ಕೊಳವೆ, ಅದೇ ಕಾರ್ಟ್ರಿಜ್, ಹೊರತೆಗೆದು, ಅದರ ರಬ್ಬರಿಗೆ ಚಿಕ್ಕಪ್ಪನ ಸಿರಿಂಜು ಚುಚ್ಚಿ ಇಪ್ಪತ್ತರ ಗೆರೆವರೆಗೆ ಎಳೆದಳು.

"ಇಪ್ಪತ್ತು ಅಂದ್ರೆ ಎಲ್ಲಿದ್ರೂ ಇಪ್ಪತ್ತೇ ಅಲ್ವಾ ಮೇಡಂ?"

ಅಲ್ಲವೆಂದು ಇನ್ಸ್‌ಪೆಕ್ಟರ್ ನಿನ್ನೆಯಷ್ಟೇ ಶವಾಗಾರದ ಡಾಕ್ಟರಿಂದ ಕಲಿತಿದ್ದಳು. ಬಾಟಲಿಯ ಔಷಧ ತೆಳು, ಒಂದು ಮಿಲಿಗೆ ನಲವತ್ತು ಯೂನಿಟ್. ಕೆಂಪು ಮುಚ್ಚಳದ ಸಿರಿಂಜಿನ ಗೆರೆಗಳು ಹಾಕಿರುವುದು ಆ ತೆಳುವಿಗೆ. ಪೆನ್ನಿನ ಔಷಧ ಗಟ್ಟಿ, ಮಿಲಿಗೆ ನೂರು. ಗಟ್ಟಿಯದನ್ನು ತೆಳುವಿನ ಅಳತೆಯಲ್ಲಿ ಇಪ್ಪತ್ತು ಎಳೆದರೆ ಒಳಗೆ ಹೋಗುವುದು ಐವತ್ತು. ಎರಡೂವರೆ ಪಟ್ಟು.

"ಅದರಿಂದಲೇ ಸತ್ತರು ಅಂತ ನಿಮಗೆ ಯಾರು ಹೇಳಿದ್ದು?"

"ಅಪ್ಪನ್ನ ನೋಡ್ಕೊಳ್ತಿದ್ದ ನರ್ಸು, ಸಿಸ್ಟರ್. ನಿನ್ನೆ ಮನೆಗೆ ಬಂದಿದ್ರು. ಕಾರ್ಟ್ರಿಜ್‌ಗೆ ಕೆಂಪು ಸಿರಿಂಜು ಚುಚ್ಚಿದ್ಯಾ ಅಂತ ಅವರೇ ಕೇಳಿದ್ರು. ಹೂಂ ಅಂದೆ. ಇನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ, ನೀನಾಗೇ ಹೋಗಿ ಹೇಳು, ಶಿಕ್ಷೆ ಕಮ್ಮಿ ಆಗತ್ತೆ ಅಂದ್ರು."

"ಅದಕ್ಕೆ ಮುಂಚೆ ನೀವು ಯಾರಿಗಾದ್ರೂ ಹೇಳಿದ್ರಾ?"

"ಯಾರಿಗೂ ಇಲ್ಲ. ಸಿರಿಂಜು ಬಳಸಿದ್ದು ತಪ್ಪು ಅಂತಾನೇ ನಂಗೆ ಗೊತ್ತಿರ್ಲಿಲ್ಲ, ಏನಂತ ಹೇಳ್ಲಿ?"

ಇನ್ಸ್‌ಪೆಕ್ಟರ್ ಈಗ ಬರೆಯುವ ಪೆನ್ನಿನ ಮುಚ್ಚಳ ತೆಗೆದಳು.

"ಎಷ್ಟು ಸಲ ಚುಚ್ಚಿದ್ರಿ?"

"ಒಂದೇ ಸಲ. ಹೊಟ್ಟೆ ಬಲಗಡೆ. ಎಡಗಡೆ ಚುಚ್ಚಿ ಚುಚ್ಚಿ ಗಂಟು ಕಟ್ಟಿದೆ. ಗಂಟಿರೋ ಕಡೆ ಹಾಕಿದ್ರೆ ಔಷಧ ಸರಿಯಾಗಿ ಹತ್ತಲ್ಲ ಅಂತ ಸಿಸ್ಟರ್ ಹೇಳಿಕೊಟ್ಟಿದ್ರು."

"ತೊಡೆಗೆ?"

"ಇಲ್ಲ ಮೇಡಂ. ತೊಡೆಗೆ ನಾನು ಯಾವತ್ತೂ ಹಾಕಿಲ್ಲ."

ಶವಾಗಾರದ ಡಾಕ್ಟರ ಪತ್ರ ಮೇಜಿನ ಖಾನೆಯಲ್ಲಿತ್ತು. ಪೆನ್ನಿನ ಕೂದಲೆಳೆ ಸೂಜಿಯದ್ದಲ್ಲ, ಸಿರಿಂಜಿನ ಸೂಜಿಯದ್ದೇ ಎರಡು ಹೊಸ ತೂತುಗಳು. ಒಂದು ಹೊಟ್ಟೆಯ ಬಲಕ್ಕೆ. ಇನ್ನೊಂದು ಎಡತೊಡೆಗೆ.

ಮಗಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಚಹಾ ಕೊಡಿಸಲು ಹೇಳಿ ಇನ್ಸ್‌ಪೆಕ್ಟರ್ ಜೀಪಿನ ಕಡೆ ನಡೆದಳು.

*

ಕಾಗುಣಿತನ ಮನೆ ಮೂರನೆಯ ಮಹಡಿಯಲ್ಲಿ. ಎರಡು ಕೋಣೆ, ನಡುವೆ ಒಬ್ಬರು ನಿಂತರೆ ಇನ್ನೊಬ್ಬರು ಹಿಂದೆ ಸರಿಯಬೇಕಾದಂಥ ಅಡುಗೆಮನೆ. ಫ್ರಿಜ್ಜಿನ ಮೇಲೆ ಸಿಸ್ಟರ್ ಅಂಟಿಸಿದ ಸೂಚನೆಯ ಹಾಳೆ. ಕಣ್ಣಿನಲ್ಲಿ ಇನ್ನೂ ತುಸು ಬೆಳಕಿದ್ದ ಕಾಲಕ್ಕೆ ಮುದುಕ ಅದನ್ನೂ ಬಿಟ್ಟಿರಲಿಲ್ಲ. ಕೆಂಪು ಶಾಯಿಯಲ್ಲಿ ಎರಡು ದೀರ್ಘ, ಒಂದು ಒತ್ತಕ್ಷರ ತಿದ್ದಿದ್ದ. 'ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಔಷಧ ಎಳೆಯಬಾರದು' ಎಂಬ ಸಾಲು ಐದನೆಯದು. ಅದರಲ್ಲಿ ಕಾಗುಣಿತದ ತಪ್ಪಿರಲಿಲ್ಲ.

ಪಕ್ಕದಲ್ಲಿ ದಿನಚರಿಯ ಪಟ್ಟಿ. ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು, ಕೊಟ್ಟವರು ಯಾರು. ಬುಧವಾರ ಬೆಳಗಿನ ಸಾಲು ಖಾಲಿ. ಬಸ್ಸಿನ ಆತುರದಲ್ಲಿ ಬರೆಯಲು ಮರೆತೆ ಎಂದು ಮಗಳು ಹೇಳಿದ್ದಳು.

ಇನ್ಸ್‌ಪೆಕ್ಟರ್ ಅಲ್ಲೇ ನಿಂತು ಸಿಸ್ಟರಿನ ಹೇಳಿಕೆಯನ್ನು ಮತ್ತೊಮ್ಮೆ ಓದಿದಳು. ಬಡಾವಣೆಯ ಚಿಕಿತ್ಸಾಲಯದಿಂದ ಮನೆಮನೆಗೆ ಬಂದು ಇನ್ಸುಲಿನ್ ರೋಗಿಗಳನ್ನು ನೋಡಿಕೊಳ್ಳುವ ನರ್ಸು ಅವಳು. ನಲವತ್ತರ ಆಸುಪಾಸು, ಅಳೆದು ತೂಗಿದ ಮಾತು, ಇಸ್ತ್ರಿ ಮಾಡಿದ ಅಕ್ಷರ. ಪೆನ್ನಿಗೆ ಹೊಸ ಕಾರ್ಟ್ರಿಜ್ ಹಾಕಿದ್ದು ತಾನೇ, ಹೋದ ಶುಕ್ರವಾರ ಸಂಜೆ ಎಂದು ಬರೆದುಕೊಟ್ಟಿದ್ದಳು. ಮುದುಕ ಸತ್ತ ದಿನ ಈ ಮನೆಗೆ ಬಂದೇ ಇಲ್ಲ ಎಂದೂ ಬರೆದಿದ್ದಳು.

ಹೊಸ ಕಾರ್ಟ್ರಿಜ್‌ನಲ್ಲಿ ಮುನ್ನೂರು ಯೂನಿಟ್. ಬೆಳಿಗ್ಗೆ ಇಪ್ಪತ್ತು, ಸಂಜೆ ಹದಿನಾಲ್ಕು, ಪ್ರತಿ ಸಲ ಗಾಳಿ ಹೋಗಲೆಂದು ಹೊರಗೆ ಚಿಮ್ಮಿಸುವುದು ಎರಡೆರಡು. ದಿನಕ್ಕೆ ಮೂವತ್ತೆಂಟು. ಶುಕ್ರವಾರ ಸಂಜೆಯಿಂದ ಮಂಗಳವಾರದವರೆಗೆ ಕಳೆದು, ಬುಧವಾರ ಮಗಳು ಎಳೆದ ಐವತ್ತನ್ನೂ ಕಳೆದರೆ ಉಳಿಯಬೇಕಾದದ್ದು ಎಂಬತ್ತರ ಚಿಲ್ಲರೆ. ಠಾಣೆಯಲ್ಲಿ ಮೊಹರು ಹಾಕಿಟ್ಟ ಕೊಳವೆಯಲ್ಲಿ ಉಳಿದದ್ದು ಎಂಬತ್ತೈದರ ಹತ್ತಿರ.

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಲೆಕ್ಕ ಸರಿಯಾಗಿತ್ತು. ಮಗಳ ಒಂದು ತಪ್ಪು, ಒಂದು ಸಾವು, ಕಡತ ಕಟ್ಟಿಡಬಹುದು. ತೊಡೆಯ ಮೇಲಿನ ತೂತು ಒಂದನ್ನು ಬಿಟ್ಟು.

ಆಕೆ ಮುದುಕನ ಕೋಣೆಗೆ ಹೋಗಿ ಮೊಣಕಾಲೂರಿ ಕೂತಳು. ಮಂಚದ ಕಾಲಿನ ಗುಂಟ ಇರುವೆ ಸಾಲು ಏರುತ್ತಿತ್ತು. ಸಾಲನ್ನು ಹಿಂಬಾಲಿಸಿದ ಕಣ್ಣಿಗೆ ಮಂಚದಡಿ, ಗೋಡೆಯ ಮೂಲೆಗೆ ಉರುಳಿ ನಿಂತ ಲೋಟ ಸಿಕ್ಕಿತು. ತಳದಲ್ಲಿ ಕರಗದೆ ಗಟ್ಟಿಯಾದ ಸಕ್ಕರೆ. ಇಬ್ಬರು ಸಕ್ಕರೆ ಕಾಯಿಲೆಯವರಿದ್ದ ಮನೆಯಲ್ಲಿ ಯಾರೋ ಲೋಟದಲ್ಲಿ ಸಕ್ಕರೆ ಕಲಸಿದ್ದರು. ಇರುವೆಗಳು ದಿಂಬಿನ ಅಂಚಿನಲ್ಲೂ ಇದ್ದವು, ಕುಡಿಸುವಾಗ ಚೆಲ್ಲಿದ್ದು.

ಕೊಲ್ಲುವವರು ಸಕ್ಕರೆ ನೀರು ಕುಡಿಸುವುದಿಲ್ಲ.

ಮೇಜಿನ ಮೇಲೆ ಸಕ್ಕರೆ ಪರೀಕ್ಷಿಸುವ ಯಂತ್ರದ ಕರಿಯ ಚೀಲ ಇತ್ತು. ಜಿಪ್ಪು ಎಳೆದಳು. ಪಟ್ಟಿಗಳ ಡಬ್ಬಿ, ಬೆರಳು ಚುಚ್ಚುವ ಸೂಜಿ. ಯಂತ್ರ ಇರಲಿಲ್ಲ.

*

ಚಿಕ್ಕಪ್ಪ ತನ್ನ ಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತಿದ್ದ. ಮೂವತ್ತು ವರ್ಷ ಬಸ್ಸು ಓಡಿಸಿದವನು. ಹುಣ್ಣಿಗೆ ಬಟ್ಟೆ ಸುತ್ತಿದ ಬಲಗಾಲು ಸ್ಟೂಲಿನ ಮೇಲಿತ್ತು. ಎಡಗಾಲಿಗೆ ಬೂಟು ಹಾಕಿದ್ದ, ಬಲಗಾಲಿನದ್ದು ಮಂಚದ ಕೆಳಗೆ ಕೆಲಸವಿಲ್ಲದೆ ಬಿದ್ದಿತ್ತು. ಮೊದಲ ದಿನ ಪೊಲೀಸರು ಕೇಳಿದಾಗ ಬುಧವಾರ ಬೆಳಿಗ್ಗೆ ಹತ್ತೂವರೆವರೆಗೆ ಮಲಗಿದ್ದೆ ಎಂದಿದ್ದ. ಇವತ್ತೂ ಕೇಳುವ ಮೊದಲೇ ಅದನ್ನೇ ಹೇಳಿದ.

ಇನ್ಸ್‌ಪೆಕ್ಟರ್ ಲೋಟವನ್ನು ಅವನೆದುರು ಇಟ್ಟಳು.

"ನಿಮ್ಮ ಅಣ್ಣನ ಮಗಳು ಠಾಣೆಯಲ್ಲಿ ಕೂತಿದ್ದಾಳೆ ಯಜಮಾನ್ರೇ. ಅಪ್ಪನ್ನ ನಾನೇ ಕೊಂದೆ ಅಂತ ಹೇಳ್ತಿದ್ದಾಳೆ."

ಚಿಕ್ಕಪ್ಪನ ಕೈ ಮಂಡಿಯ ಮೇಲಿಂದ ಜಾರಿತು.

"ಅವಳು ಒಂದು ಸಲ ಚುಚ್ಚಿದ್ದಾಳೆ. ಮೈಮೇಲೆ ಎರಡು ಗುರುತಿದೆ. ನೀವು ಬಾಯಿ ಮುಚ್ಕೊಂಡಿದ್ರೆ ಎರಡೂ ಅವಳ ತಲೆಗೇ ಬರತ್ತೆ."

ಕೆಳಗೆ ಬೀದಿಯಲ್ಲಿ ಯಾರೋ ಕಬ್ಬಿಣದ ಬಾಗಿಲು ಎಳೆದರು. ಆಮೇಲೆ ಚಿಕ್ಕಪ್ಪ ಬಗ್ಗಿ, ಏದುಸಿರು ಬಿಡುತ್ತ, ಮಂಚದಡಿಯ ಬಲಗಾಲ ಬೂಟನ್ನು ಎಳೆದ. ಒಳಗೆ ಕೈ ಹಾಕಿ ಯಂತ್ರ ಹೊರತೆಗೆದು ಲೋಟದ ಪಕ್ಕ ಇಟ್ಟ.

"ಈ ಬೂಟನ್ನ ಯಾರೂ ಮುಟ್ಟಲ್ಲ ಅಂತ ಗೊತ್ತಿತ್ತು," ಎಂದ.

ಬುಧವಾರ ಎಂಟೂವರೆ ಹೊತ್ತಿಗೆ ಅಣ್ಣನನ್ನು ತಿಂಡಿಯ ವಿಷಯ ಕೇಳಲು ಹೋದರೆ ಅವನ ಅಂಗಿ ಬೆವರಿಗೆ ಒದ್ದೆಯಾಗಿತ್ತಂತೆ. ಮನೆಯಲ್ಲಿ ಬ್ರೆಡ್ಡು ಮುಗಿದಿದೆ ಎಂದರೆ ಅಣ್ಣ ಏನೇನೋ ಬಡಬಡಿಸಿದ. ಜೀವಮಾನದಲ್ಲಿ ಒಂದು ಅಕ್ಷರ ತಪ್ಪದ ಬಾಯಿಯಿಂದ ಒಂದು ಮಾತೂ ನೆಟ್ಟಗೆ ಬರುತ್ತಿರಲಿಲ್ಲ. ಚಿಕ್ಕಪ್ಪನಿಗೆ ಆ ದಾರಿ ಗೊತ್ತು. ತಾನೇ ಎರಡು ಸಲ ಆ ಹಳ್ಳಕ್ಕೆ ಬಿದ್ದು ಎದ್ದವನು. ಬೆರಳು ಚುಚ್ಚಿ ನೋಡಿದ. ನಲವತ್ತಾರು.

ನುಂಗುವ ಶಕ್ತಿ ಇನ್ನೂ ಇತ್ತು. ಅರ್ಧ ಲೋಟ ನೀರಿಗೆ ಮೂರು ಚಮಚ ಸಕ್ಕರೆ ಕಲಸಿ, ಎತ್ತಿ ಕೂರಿಸಿ, ಗುಟುಕು ಗುಟುಕಾಗಿ ಕುಡಿಸಿದ. ಕಾಲು ಗಂಟೆ ಕಾದು ಮತ್ತೆ ನೋಡಿದ, ಎಪ್ಪತ್ತೆಂಟು. ಇನ್ನೊಂದು ಲೋಟ ಕೊಟ್ಟ. ಒಂಬತ್ತೂ ಹತ್ತಕ್ಕೆ ನೂರಾ ಒಂಬತ್ತು. ಅಣ್ಣ ಕಣ್ಣು ತೆರೆದು, "ಏನೋ ಅಚ್ಚು ತಪ್ಪಿತ್ತು ಕಣೋ, ಸರಿಹೋಯ್ತು," ಎಂದನಂತೆ.

ಇದನ್ನು ಹೇಳುವಾಗ ಚಿಕ್ಕಪ್ಪನ ಮುಖದಲ್ಲಿ ಒಂದು ಕ್ಷಣ ನಗು ಬಂದು ಹೋಯಿತು. ನೋಡಲು ಕಷ್ಟವಾಗುವಂಥ ನಗು.

ಆಮೇಲೆ ಅವನು ಫ್ರಿಜ್ಜಿನ ಹತ್ತಿರ ಹೋಗಿದ್ದ. ಬಿಚ್ಚಿದ ಪೆನ್ನು, ಪಕ್ಕದಲ್ಲಿ ಕಾರ್ಟ್ರಿಜ್, ತನ್ನದೇ ಕೆಂಪು ಮುಚ್ಚಳದ ಸಿರಿಂಜು. ಹುಡುಗಿ ಏನು ಮಾಡಿದ್ದಾಳೆಂದು ತಿಳಿಯಲು ಹೊತ್ತು ಬೇಕಾಗಲಿಲ್ಲ. ಬಳಸಿದ ಸೂಜಿಗಳನ್ನು ಹಾಕುವ ಡಬ್ಬಿಗೆ ಸಿರಿಂಜು ಹಾಕಿ, ಸಿಸ್ಟರಿಗೆ ಫೋನು ಮಾಡಿ, ಅಣ್ಣನಿಗೆ ಯಾಕೋ ಸುಸ್ತು, ಒಮ್ಮೆ ನೋಡಿ ಹೋಗಿ ಎಂದ.

ಇನ್ಸ್‌ಪೆಕ್ಟರ್ ತಲೆಯೆತ್ತಿದಳು. "ಸಿಸ್ಟರ್ ಬಂದ್ರಾ?"

"ಒಂಬತ್ತೂವರೆಗೆ ಬಂದ್ರು."

"ಬಂದು?"

"ಪಟ್ಟಿ ನೋಡಿದ್ರು. ಬೆಳಗಿನ ಸಾಲು ಖಾಲಿ ಇತ್ತು. ಬೆಳಿಗ್ಗೆ ಸೂಜಿ ಆಯ್ತಾ ಅಂತ ನನ್ನ ಕೇಳಿದ್ರು."

ಚಿಕ್ಕಪ್ಪ ತನ್ನ ಕಾಲಿನ ಬಟ್ಟೆಯ ಗಂಟನ್ನು ಬಿಚ್ಚಿ, ಮತ್ತೆ ಕಟ್ಟಿದ.

"ಗೊತ್ತಿಲ್ಲ ಅಂದೆ."

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ಹೋದ ತಿಂಗಳು ಹುಡುಗಿ ಸಂಜೆ ಸೂಜಿ ಎರಡು ಸಲ ಹಾಕಿಬಿಟ್ಟಿದ್ಲು. ಅವತ್ತು ಸಿಸ್ಟರ್ ಹೇಳಿದ್ರು, ಇನ್ನೊಂದು ತಪ್ಪಾದ್ರೆ ನಾನು ವರದಿ ಬರೀತೀನಿ, ನಿಮ್ಮಣ್ಣನ್ನ ವೃದ್ಧಾಶ್ರಮಕ್ಕೆ ಕಳಿಸಬೇಕಾಗತ್ತೆ ಅಂತ. ಅಣ್ಣ ಈ ಮನೆ ಬಿಟ್ರೆ ಗೋಡೆ ತಡವಿಕೊಂಡು ನಡೆಯಕ್ಕೂ ಬರಲ್ಲ. ಹುಡುಗಿನ ಉಳಿಸೋಣ ಅಂತ ಮೂರಕ್ಷರ ಹೇಳಿದೆ. ಗೊತ್ತಿಲ್ಲ."

ಅವನು ಬ್ರೆಡ್ಡು ತರಲು ಹೊರಟಿದ್ದ. ಬೀದಿಯ ತಿರುವಿನ ಬೇಕರಿ ಹುಣ್ಣಿನ ಕಾಲಿಗೆ ದೂರದ ಪ್ರಯಾಣ. ಮೂರು ಮಹಡಿ ಇಳಿದು ಮೂರು ಮಹಡಿ ಹತ್ತಿ ಬರುವಾಗ ಹನ್ನೊಂದಕ್ಕೆ ಕಾಲು ಗಂಟೆ ಇತ್ತು. ಸಿಸ್ಟರ್ ಹೋಗಿಯಾಗಿತ್ತು. ಅಣ್ಣನಿಗೆ ಕತ್ತಿನವರೆಗೆ ಹೊದಿಕೆ ಹೊದಿಸಿ, ಅಂಚನ್ನು ಹಾಸಿಗೆಯಡಿ ಸಿಕ್ಕಿಸಲಾಗಿತ್ತು, ಮಗುವಿಗೆ ಮಾಡುವ ಹಾಗೆ. ನಿದ್ದೆ ಬಂದಿದೆ, ಏಳಿಸಬಾರದು ಎಂದುಕೊಂಡ. ನೂರಾ ಒಂಬತ್ತು ಇತ್ತಲ್ಲ ಎಂಬ ಧೈರ್ಯ. ಹೆಚ್ಚಾದ ಇನ್ಸುಲಿನ್ ಮೈಯಲ್ಲಿರುವಷ್ಟು ಹೊತ್ತೂ ಸಕ್ಕರೆ ಮತ್ತೆ ಮತ್ತೆ ಇಳಿಯುತ್ತದೆ, ಊಟ ಹಾಕಿ ಪಕ್ಕದಲ್ಲೇ ಕಾಯಬೇಕು ಎಂಬುದು ಹೊಳೆಯಲಿಲ್ಲ. ಒಂದು ಗಂಟೆಗೆ ಹೋಗಿ ಭುಜ ಮುಟ್ಟಿದಾಗ ಕೈ ಹಿಂದೆಗೆಯುವಷ್ಟು ತಣ್ಣಗಿತ್ತು.

ಯಂತ್ರದಲ್ಲಿ ನಲವತ್ತಾರು ಕಂಡರೆ ಹುಡುಗಿ ಸಿಕ್ಕಿಬೀಳುತ್ತಾಳೆಂದು ಬೂಟಿನೊಳಗೆ ತುರುಕಿದ್ದ. ನಿನ್ನೆ ಸಿಸ್ಟರ್ ಬಂದಾಗ ಯಂತ್ರ ಎಲ್ಲಿ ಎಂದು ಎರಡು ಸಲ ಕೇಳಿದ್ದಳಂತೆ. ಬುಧವಾರ ನಾನು ಬಂದ ವಿಷಯ ಎತ್ತಬೇಡಿ, ಎತ್ತಿದರೆ ಹುಡುಗಿಯ ತಪ್ಪನ್ನೂ ಹೇಳಬೇಕಾಗುತ್ತದೆ ಎಂದೂ ಹೇಳಿ ಹೋಗಿದ್ದಳು. ಅವನು ಅದನ್ನು ಉಪಕಾರವೆಂದುಕೊಂಡಿದ್ದ.

ಇನ್ಸ್‌ಪೆಕ್ಟರ್ ಯಂತ್ರದ ಗುಂಡಿ ಒತ್ತಿದಳು. ಹಳೆಯ ಅಂಕಿಗಳನ್ನು ಅದು ಕೊನೆಯದರಿಂದ ಮೊದಲಿಗೆ ತೋರಿಸುತ್ತದೆ.

ಪರದೆಯ ಮೇಲೆ ನೂರಾ ಒಂಬತ್ತು ಬರಲಿಲ್ಲ. ಮೂವತ್ತೊಂದು ಬಂತು. ಬುಧವಾರ, ಹತ್ತು ಗಂಟೆ ಇಪ್ಪತ್ತು ನಿಮಿಷ.

ಚಿಕ್ಕಪ್ಪನ ಕಡೆ ತಿರುಗಿಸಿ ಹಿಡಿದಳು. ಅವನು ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದ. ಮತ್ತೆ ನೋಡಿದ.

"ಇದು ನಾನಲ್ಲ," ಎಂದ ನಿಧಾನವಾಗಿ. "ಹತ್ತು ಇಪ್ಪತ್ತಕ್ಕೆ ನಾನು ಬೇಕರಿ ಮುಂದಿನ ಕಟ್ಟೆ ಮೇಲೆ ಕಾಲು ಚಾಚಿಕೊಂಡು ಕೂತಿದ್ದೆ. ಮೂವತ್ತೊಂದು ನೋಡಿಯೂ ಯಾರಾದ್ರೂ ಸುಮ್ನೆ ಹೋಗ್ತಾರಾ ಅಮ್ಮಾ?"

ಆಕೆಗೆ ಕೇಳಬೇಕಾದ ಪ್ರಶ್ನೆ ಇನ್ನೊಂದೇ ಉಳಿದಿತ್ತು.

"ಪೆನ್ನಿಗೆ ಹೊಸ ಕಾರ್ಟ್ರಿಜ್ ಹಾಕಿದ್ದು ಯಾವತ್ತು?"

"ಭಾನುವಾರ ಬೆಳಿಗ್ಗೆ. ಹುಡುಗಿಗೆ ರಜ ಇತ್ತಲ್ಲ, ಅವಳಿಗೂ ತೋರಿಸಿಕೊಟ್ಟು ಹಾಕಿದ್ರು ಸಿಸ್ಟರ್."

"ಶುಕ್ರವಾರ ಸಂಜೆ ಅಲ್ವಾ?"

"ಶುಕ್ರವಾರ ಸಂಜೆ ಅವರು ಈ ಕಡೆ ತಲೆನೂ ಹಾಕಿಲ್ಲ."

ಇನ್ಸ್‌ಪೆಕ್ಟರ್ ಮನಸ್ಸಿನಲ್ಲೇ ಲೆಕ್ಕ ತಿರುಗಿ ಹಾಕಿದಳು. ಭಾನುವಾರದಿಂದಾದರೆ ಕೊಳವೆಯಲ್ಲಿ ನೂರಾ ಮೂವತ್ತಾರು ಉಳಿಯಬೇಕಿತ್ತು. ಐವತ್ತು ಕಡಿಮೆ. ಮಗಳು ಎಳೆದದ್ದು ಒಂದು ಐವತ್ತು. ಅದೇ ಕೊಳವೆಯಿಂದ, ಅಂಥದೇ ಸಿರಿಂಜಿನಲ್ಲಿ, ಅದೇ ಇಪ್ಪತ್ತರ ಗೆರೆಗೆ ಇನ್ನೊಬ್ಬರು ಎಳೆದದ್ದು ಇನ್ನೊಂದು ಐವತ್ತು. ಆ ಎರಡನೆಯ ಐವತ್ತನ್ನು ಮುಚ್ಚಿಹಾಕಲೆಂದೇ ಒಂದು ಶುಕ್ರವಾರ ಹುಟ್ಟಿಕೊಂಡಿತ್ತು.

ಎಲ್ಲರಿಗೂ 'ಎಳೆಯಬಾರದು' ಎಂದು ಹಾಳೆ ಬರೆದು ಅಂಟಿಸಿದ ಕೈ. ಪೆನ್ನು ಕೆಟ್ಟಿದೆ, ಪಟ್ಟಿ ಖಾಲಿಯಿದೆ, ಇನ್ನೂ ಮನೆಗಳು ಬಾಕಿಯಿವೆ ಎಂಬ ಆತುರದಲ್ಲಿ ಸಿಕ್ಕಿದ ಸಿರಿಂಜಿಗೆ ಕೈ ಹಾಕಿದಳೇ? ಅನುಭವಸ್ಥರಿಗೂ ಕೈ ತಪ್ಪುತ್ತದೆ. ಅಲ್ಲಿಯವರೆಗೆ ಅದನ್ನು ತಪ್ಪು ಎನ್ನಬಹುದಿತ್ತು. ಸೂಜಿಯ ಡಬ್ಬಿಗೆ ತನ್ನ ಸಿರಿಂಜು ಹಾಕಲು ಹೋಗಿ ಅಲ್ಲಿ ಇನ್ನೊಂದನ್ನು ಕಂಡಿರಬೇಕು. ಕೆಂಪು ಸಿರಿಂಜಿನ ವಿಷಯ ಮಗಳ ಬಾಯಿಗೆ ಬರುವ ಮೊದಲೇ ಅವಳಿಗೆ ಗೊತ್ತಿದ್ದದ್ದು ಹಾಗೆ. ಆಮೇಲೆ ಬೆರಳು ಚುಚ್ಚಿದ್ದಾಳೆ, ಮೂವತ್ತೊಂದು ಕಂಡಿದ್ದಾಳೆ. ಸಕ್ಕರೆಯ ಡಬ್ಬಿ ಹತ್ತು ಹೆಜ್ಜೆಯ ಆಚೆ ಇತ್ತು. ಅವಳು ಹೊದಿಕೆ ಸರಿಮಾಡಿ ಹೊರಟುಹೋಗಿದ್ದಳು.

ಹೆದರಿ ಓಡಿದಳೇ, ಸಾಯಲೆಂದು ಬಿಟ್ಟಳೇ? ಅದು ಅವಳ ಬಾಯಿಂದಲೇ ಬರಬೇಕು.

*

ಚಿಕಿತ್ಸಾಲಯಕ್ಕೆ ಫೋನು ಮಾಡಿದರೆ ಸಿಸ್ಟರ್ ಬೆಳಿಗ್ಗೆಯೇ ಮನೆಭೇಟಿಗೆ ಹೊರಟಳೆಂದು ಗುಮಾಸ್ತ ಹೇಳಿದ. ಬುಧವಾರದ ಭೇಟಿ ಪುಸ್ತಕದಲ್ಲಿ ಒಂಬತ್ತೂವರೆಯಿಂದ ಹತ್ತೂವರೆಗೆ ಏನಿದೆ ಎಂದು ಆಕೆ ಓದಿಸಿದಳು. ಗಿರಣಿ ರಸ್ತೆಯ ಒಂಟಿ ಅಜ್ಜಿಯ ಮನೆ ಎಂದಿತ್ತು. ಸೊಂಟ ಮುರಿದು ಹಾಸಿಗೆ ಹಿಡಿದ ಹೆಂಗಸು. ಬಾಗಿಲು ತೆಗೆಯಲು ಏಳಲಾಗದ್ದರಿಂದ ಒಂದು ಕೀಲಿಕೈ ಸಿಸ್ಟರಿನ ಹತ್ತಿರವೇ ಇರುತ್ತದಂತೆ. ಇವತ್ತಿನ ಪಟ್ಟಿಯಲ್ಲಿ ಮೊದಲ ಮನೆಯೂ ಅದೇ.

ಗುಮಾಸ್ತ ಕೊಟ್ಟ ಸಂಖ್ಯೆಗೆ ಮೆಟ್ಟಿಲಿಳಿಯುತ್ತಲೇ ಕರೆ ಮಾಡಿದಳು. ಬಹಳ ಹೊತ್ತು ಬಡಿದುಕೊಂಡ ಮೇಲೆ ಅಜ್ಜಿ ಎತ್ತಿದಳು. ಇನ್ಸ್‌ಪೆಕ್ಟರ್ ತಾನು ಯಾರೆಂದು ಹೇಳಿ, ಬುಧವಾರ ಸಿಸ್ಟರ್ ಎಷ್ಟು ಹೊತ್ತಿಗೆ ಬಂದಿದ್ದರು ಎಂದು ಕೇಳಿದಳು.

"ಬುಧವಾರ ಮಧ್ಯಾಹ್ನ ಬಂದ್ರು ತಾಯಿ. ಬೆಳಿಗ್ಗೆ ಎಲ್ಲಿ ಬಂದ್ರು? ಯಾರಾದ್ರೂ ಕೇಳಿದ್ರೆ ಬೆಳಿಗ್ಗೆ ಅನ್ನಿ ಅಂತ ಇವತ್ತೂ ಹೇಳಿದ್ರು. ನಂಗೆ ಸುಳ್ಳು ಬಾಯಿಗೆ ಬರಲ್ಲ ಸಿಸ್ಟರ್ ಅಂದೆ."

ಇನ್ಸ್‌ಪೆಕ್ಟರಿನ ಕಾಲು ಮೆಟ್ಟಿಲ ಮೇಲೆ ನಿಂತುಬಿಟ್ಟಿತು.

"ಇವತ್ತು ಸೂಜಿ ಕೊಟ್ರಾ ಅಜ್ಜಿ?"

"ಕೊಟ್ರು. ಒಂದು ಗಂಟೆ ಮೇಲಾಯ್ತು." ಅಜ್ಜಿಯ ಮಾತು ಎಳೆಯತೊಡಗಿತ್ತು. "ಯಾಕೋ ಮೈಯೆಲ್ಲ ಬೆವರ್ತಾ ಇದೆ ತಾಯಿ. ಫೋನು ಹಿಡಿಯಕ್ಕೆ ಕೈ ನಿಲ್ತಿಲ್ಲ. ತಿಂಡಿ ತಂದ್ಕೊಡ್ತೀನಿ ಅಂತ ಹೋದೋರು ಇನ್ನೂ ಬಂದಿಲ್ಲ."

"ಅಜ್ಜಿ, ಪಕ್ಕದಲ್ಲಿ ಸಕ್ಕರೆ ಇದೆಯಾ? ಬಿಸ್ಕತ್ತು, ಹಣ್ಣಿನ ರಸ, ಸಿಹಿ ಇರೋದು ಏನಾದ್ರೂ?"

"ಎಲ್ಲ ಅಡುಗೆಮನೇಲಿದೆ."

ಅಷ್ಟೇ. ಫೋನು ನೆಲಕ್ಕೆ ಬಿದ್ದ ಸದ್ದು. ಇನ್ಸ್‌ಪೆಕ್ಟರ್ ಉಳಿದ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಜೀಪಿಗೆ ಬಂದಳು. ಫೋನು ಕಿವಿಯಲ್ಲಿಟ್ಟೇ ಆಂಬುಲೆನ್ಸ್ ಕರೆಸಲು ಚಾಲಕನಿಗೆ ಹೇಳಿ, ಗಿರಣಿ ರಸ್ತೆಯ ಕಡೆ ಕೈ ತೋರಿಸಿದಳು. ಕಡಿಮೆಯೆಂದರೂ ಹದಿನೈದು ನಿಮಿಷದ ದಾರಿ. ಕಿವಿಯಲ್ಲಿ ಮುದುಕಿಯ ಉಸಿರು ಮಾತ್ರ ದೂರದಿಂದ ಬರುತ್ತಿತ್ತು, ಬಿಟ್ಟು ಬಿಟ್ಟು.

ಆಗ ಆ ಮನೆಯ ಬೀಗದಲ್ಲಿ ಕೀಲಿಕೈ ತಿರುಗಿತು.

ಬಾಗಿಲು ತೆರೆದು ಮುಚ್ಚಿತು. ಆತುರವಿಲ್ಲದ ಹೆಜ್ಜೆಗಳು ಹಾಸಿಗೆಯವರೆಗೆ ಬಂದು ನಿಂತವು. ಯಾರೋ ನೆಲದಿಂದ ಫೋನು ಎತ್ತಿಕೊಂಡರು.

ಇನ್ಸ್‌ಪೆಕ್ಟರ್ ತನ್ನ ದನಿಯನ್ನು ಹಗ್ಗ ಹಿಡಿದಂತೆ ಬಿಗಿಹಿಡಿದಳು.

"ಸಿಸ್ಟರ್, ಅಜ್ಜಿಗೆ ಸಕ್ಕರೆ ಕೊಡಿ. ಇನ್ನೂ ಹೊತ್ತು ಮೀರಿಲ್ಲ. ಅವರಿಗೂ, ನಿಮಗೂ."

ಆಚೆ ಕಡೆ ಒಂದು ದೀರ್ಘ ಉಸಿರು. ಆಮೇಲೆ ಅದೇ ಅಳೆದು ತೂಗಿದ ದನಿ:

"ಎಷ್ಟು ಚಮಚ ಅಂತ ನೀವು ನನಗೆ ಹೇಳಿಕೊಡ್ತೀರಾ ಮೇಡಂ?"

ಫೋನು ಕಡಿಯಿತು.